ಭವನದ ಬೀಗದ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡರ ಕಷ್ಟವನ್ನೂ ಬೇರೆ ಬೇರೆಯಾಗಿಯೇ ಅನುಭವಿಸಬೇಕೆಂದು ಅವರ ಅಭಿಪ್ರಾಯವಿದ್ದೀತು. ಹೊರನಾಡಿನ ಕನ್ನಡ ಸಂಘಗಳ ದಾರಿ ಸ್ವಲ್ಪ ಬೇರೆ. ನಾವು ಮೊದಲು ಸಾಲ ಮಾಡಿ ಮನೆ ಕಟ್ಟುತ್ತೇವೆ. ಅನಂತರ ಆ ಸಾಲ ತೀರಿಸಲು ಅದರೊಳಗೆ ಊರವರ ಮದುವೆಗಳನ್ನೆಲ್ಲ ಮಾಡಿಸುತ್ತೇವೆ. ಎರಡು ಕಷ್ಟವೂ ಒಂದೇ ಕಟ್ಟಡದಲ್ಲಿ!

ಈ ಮಾತು ಈಗೇಕೆಂದರೆ, ನಮ್ಮ ಮಲಾಡಿನ ಕನ್ನಡ ಬಳಗದಲ್ಲಿ ಒಂದು ಸಾಂಸ್ಕೃತಿಕ ಕೇಂದ್ರ ಕಟ್ಟಬೇಕೆಂಬ ವಿಚಾರ ಮತ್ತೆ ಎದ್ದಿದೆ. ಐವರ ಉಪಸಮಿತಿಯೊಂದು ರಚನೆಯಾಗಿದೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತರು ಎಂಬ ಒಂದೇ ಕಾರಣಕ್ಕೆ ಟಿಪ್ಪಣಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಮೂರು ತಿಂಗಳಿಂದ ಬರೆಯುತ್ತಿದ್ದೇವೆ. ಎಷ್ಟು ಚದರಡಿ, ಎಷ್ಟು ಮಹಡಿ, ಎಷ್ಟು ಕುರ್ಚಿ ಎಂಬುದೆಲ್ಲ ಕಡತದಲ್ಲಿ ಸಿಕ್ಕಿತು. ಯಾರಿಗಾಗಿ ಎಂಬ ಕಲಮು ಮಾತ್ರ ಇನ್ನೂ ಖಾಲಿ ಇದೆ. ಆ ಖಾಲಿ ಜಾಗದ ಬಗ್ಗೆಯೇ ಈ ಲೇಖನ.

ಬೇಡಿಕೆ ನ್ಯಾಯವಾದದ್ದು. ಅದರಲ್ಲಿ ಸಂಶಯವಿಲ್ಲ. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದಾಗಲೂ, ಕರ್ನಾಟಕ ಸಂಘ 1933ರಲ್ಲಿ ಹುಟ್ಟಿದಾಗಲೂ ಮುಂಬಯಿಯ ಕನ್ನಡಿಗರಲ್ಲಿ ಬಹುಪಾಲು ಜನ ಕೋಟೆ ಪ್ರದೇಶದಿಂದ ಮಾಟುಂಗಾ, ಸಯನ್‌ವರೆಗಿನ ಪಟ್ಟಿಯಲ್ಲಿದ್ದರು. ಆದ್ದರಿಂದ ಮಾಟುಂಗಾ ಪೂರ್ವದಲ್ಲಿ ಒಂದು ಸಭಾಗೃಹ, ಹಳಿಯ ಆಚೆ ಬದಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ಇನ್ನೊಂದು ಸಭಾಗೃಹ ಎದ್ದವು. ಮುಂದೆ ಬಾಡಿಗೆಯ ಬಿಸಿ ತಾಗಿದಂತೆಲ್ಲ ಜನ ಉತ್ತರಕ್ಕೆ ಸರಿದರು. ಗೋರೆಗಾಂವ್, ಮಲಾಡ್, ಕಾಂದಿವಲಿ, ಬೊರಿವಲಿ. ಆ ಕಡೆ ಡೊಂಬಿವಲಿ. ಜನ ಸರಿದರು, ಸಭಾಗೃಹ ಅಲ್ಲಿಯೇ ಉಳಿಯಿತು. ಮಾಟುಂಗಾದಲ್ಲಿ ಒಳ್ಳೆಯ ನಾಟಕವಿದ್ದರೆ ಮಲಾಡಿನ ಸಂಸಾರಸ್ಥ ಏನು ಮಾಡಬೇಕು? ರಾತ್ರಿ ಒಂಬತ್ತೂವರೆಗೆ ಮುಗಿಯುವ ನಾಟಕದ ಕೊನೆಯ ಅಂಕವನ್ನು ಬಿಟ್ಟು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಧಾನ ಲೋಕಲ್ ಹಿಡಿಯಬೇಕು. ನಾವು ಹೀಗೆ ಎಷ್ಟು ನಾಟಕಗಳ ಮುಕ್ತಾಯ ಕಳೆದುಕೊಂಡಿದ್ದೇವೆಯೋ ಲೆಕ್ಕವಿಲ್ಲ. ನಮ್ಮ ಮನೆಯವರ ದೃಷ್ಟಿಯಲ್ಲಿ ಕನ್ನಡ ನಾಟಕಗಳಿಗೆಲ್ಲ ಎರಡೇ ಅಂಕ.

ಇಲ್ಲಿ ಒಂದು ಮಾತು ಬಿಟ್ಟರೆ ಮಲಾಡಿಗೆ ಅನ್ಯಾಯವಾದೀತು. ಕಾಳಾಘೋಡಾದಲ್ಲಿರುವ ದೊಡ್ಡ ವಸ್ತುಸಂಗ್ರಹಾಲಯ, ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಕಟ್ಟಿದ್ದು ಕುರ್ಲಾದ ಕಪ್ಪುಬೂದು ಕಲ್ಲಿನಿಂದ ಮತ್ತು ಮಲಾಡಿನ ಹಳದಿ ಛಾಯೆಯ ಕಲ್ಲಿನಿಂದ. ನಗರದ ಸಂಸ್ಕೃತಿಯ ಮನೆಗೆ ಕಲ್ಲು ಕೊಟ್ಟ ಊರಿನಲ್ಲಿ ನಾವು ನಮ್ಮ ಮನೆಗೆ ಜಾಗ ಹುಡುಕುತ್ತಿದ್ದೇವೆ. ಇರಲಿ.

ನಮ್ಮ ಕಚೇರಿಯಲ್ಲಿ ಯಾವ ಪ್ರಸ್ತಾವ ಬಂದರೂ ವೆಚ್ಚಕ್ಕೆ ಎರಡು ಕಲಮುಗಳಿರುತ್ತವೆ. ಒಂದು ಅನಾವರ್ತಕ, ಅಂದರೆ ಒಂದು ಸಲ ಮಾಡಿ ಮುಗಿಸುವ ಖರ್ಚು. ಇನ್ನೊಂದು ಆವರ್ತಕ, ವರ್ಷ ವರ್ಷವೂ ಬರುವ ಖರ್ಚು. ಗೋಡೆ, ಗಾರೆ, ಅಮೃತಶಿಲೆ ಮೊದಲನೆಯದು. ಕಸ ಗುಡಿಸುವವಳ ಸಂಬಳ, ಲಿಫ್ಟಿನ ವಾರ್ಷಿಕ ಕರಾರು, ಪಾಲಿಕೆಯ ಆಸ್ತಿ ತೆರಿಗೆ, ಮಳೆಗಾಲ ಕಳೆದ ಮೇಲೆ ಸೋರುವ ತಾರಸಿಯ ದುರಸ್ತಿ ಎರಡನೆಯದು. ಇಪ್ಪತ್ತು ವರ್ಷದ ಗುಮಾಸ್ತಗಿರಿಯಲ್ಲಿ ನಾವು ಕಂಡುಕೊಂಡದ್ದಿಷ್ಟೆ: ಸತ್ತ ಯೋಜನೆಗಳೆಲ್ಲ ಎರಡನೆಯ ಕಲಮಿನಲ್ಲಿ ಸತ್ತವು. ದಾನಿಗಳು ಉದಾರಿಗಳು, ಆದರೆ ಅವರ ಔದಾರ್ಯ ಕಲ್ಲಿನ ಮೇಲೆ ಹೆಸರು ಕೆತ್ತುವಷ್ಟು ಗಟ್ಟಿಯಾದ ವಸ್ತುವನ್ನು ಕೇಳುತ್ತದೆ. ಪೊರಕೆಯ ಮೇಲೆ ಹೆಸರು ಕೆತ್ತುವುದು ಹೇಗೆ? ಈಗ ಎಲ್ಲೆಡೆ ‘ಸುಸ್ಥಿರ’ ಎಂಬ ಪದ ಕೇಳಿಬರುತ್ತದೆ. ನಮ್ಮ ಅಜ್ಜಿ ಪಾತ್ರೆ ಕೊಳ್ಳುವಾಗ ‘ಬಾಳಿಕೆ’ ಎನ್ನುತ್ತಿದ್ದರು. ಬಾಳಿಕೆಯ ಪ್ರಶ್ನೆ ಸಿಮೆಂಟಿನದಲ್ಲ, ಎರಡನೆಯ ಕಲಮಿನದು.

ಉಪಸಮಿತಿಯಲ್ಲಿ ಹಿರಿಯರೊಬ್ಬರಿದ್ದಾರೆ. ಕರಾವಳಿಯವರು. ಹುಡುಗನಾಗಿ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಮುಂದೆ ತಮ್ಮದೇ ಹೋಟೆಲು ನಡೆಸಿ, ಈಗ ಮಗನಿಗೆ ವಹಿಸಿದ್ದಾರೆ. ಎರಡನೆಯ ಕಲಮನ್ನು ನಾವು ಓದಿ ಹೇಳಿದಾಗ ಅವರು ನಕ್ಕರು. “ನೀವು ಗುಮಾಸ್ತರು ಮಾರಾಯರೇ, ಖರ್ಚು ಮಾತ್ರ ನೋಡುತ್ತೀರಿ. ಮದುವೆ ಹಾಲ್ ಮಾಡಿ, ಎ.ಸಿ. ಹಾಕಿ. ಬಾಡಿಗೆಯಲ್ಲಿ ಎಲ್ಲ ನಡೆಯುತ್ತದೆ. ಮದುವೆ ಅಂದರೆ ಸಂಸ್ಕೃತಿ ಅಲ್ಲವೋ?”

ಅವರ ಮಾತು ತಳ್ಳಿಹಾಕುವಂಥದಲ್ಲ. ಮದುವೆ ಸಂಸ್ಕೃತಿ ಹೌದು. ಪುಸ್ತಕ ಬಿಡುಗಡೆಗಿಂತ ಹೆಚ್ಚು ಜನ ಸೇರುವ ಸಂಸ್ಕೃತಿ. ಮುಂಬಯಿಯ ಬಹಳಷ್ಟು ಸಮುದಾಯ ಭವನಗಳು ಬದುಕಿರುವುದೇ ಆ ಆದಾಯದಿಂದ. ಆ ಹಣದಿಂದ ವಿದ್ಯಾರ್ಥಿವೇತನ ಕೊಡುವವರಿದ್ದಾರೆ, ಯಕ್ಷಗಾನ ಮೇಳಗಳನ್ನು ಊರಿನಿಂದ ಕರೆಸುವವರಿದ್ದಾರೆ. ಆದರೆ ಲೆಕ್ಕ ಹೀಗೂ ಇದೆ. ನೌಕರಿಯವರಿಗೆ, ಶಾಲೆಯ ಮಕ್ಕಳಿಗೆ ಬಿಡುವಿರುವುದು ಭಾನುವಾರ. ವರ್ಷಕ್ಕೆ 52 ಭಾನುವಾರ. ಮುಹೂರ್ತವಿರುವ ಭಾನುವಾರ ಮದುವೆಗೆ, ಮುಹೂರ್ತವಿಲ್ಲದ್ದು ಆರತಕ್ಷತೆ, ಹುಟ್ಟುಹಬ್ಬ, ಕಂಪೆನಿಯ ಸಮಾರಂಭಗಳಿಗೆ. ಕನ್ನಡ ತರಗತಿಗೆ ಉಳಿಯುವುದು ಮಂಗಳವಾರದ ಮಧ್ಯಾಹ್ನ, ಮಕ್ಕಳೆಲ್ಲ ಶಾಲೆಯಲ್ಲಿರುವಾಗ. ನಮ್ಮ ವಾಸ್ತುಶಿಲ್ಪಿಗಳು ನಕ್ಷೆಯನ್ನು ತಂದು ತೋರಿಸಿದರು. ‘ಬಹೂಪಯೋಗಿ ಸಭಾಂಗಣ’ ಎಂದು ನೀಲಿ ಅಕ್ಷರದಲ್ಲಿ ಬರೆದಿತ್ತು. ಉಪಯೋಗಗಳು ಬಹಳ ಇರಬಹುದು, ಭಾನುವಾರ ಒಂದೇ. ಆದ್ದರಿಂದ ನಕ್ಷೆಗಿಂತ ಮೊದಲು ಕ್ಯಾಲೆಂಡರ್ ತನ್ನಿ ಎಂದು ನಾವು ಟಿಪ್ಪಣಿಯಲ್ಲಿ ಬರೆದೆವು. ಯಾವ ದಿನ ಯಾರಿಗೆ ಎಂದು ಮೊದಲು ಗೊತ್ತಾದರೆ ಗೋಡೆ ಎಲ್ಲಿ ಬರಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಅದೇ ಹಿರಿಯರು ಚಹಾ ಕುಡಿಯುತ್ತ ಇನ್ನೊಂದು ಸಂಗತಿ ಹೇಳಿದರು. ಅವರು ಓದಿದ್ದು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ. ಹಗಲೆಲ್ಲ ಹೋಟೆಲು, ಸಂಜೆ ಏಳಕ್ಕೆ ಶಾಲೆ. ಹಗಲು ಬೇರೆ ಮಕ್ಕಳು ಕೂತ ಬೆಂಚಿನ ಮೇಲೆ ರಾತ್ರಿ ಇವರು. ಆ ಶಾಲೆಗೆ ಸ್ವಂತ ಗೋಡೆಯೇ ಇರಲಿಲ್ಲವಂತೆ. ಬೆಂಚು ಎರವಲು, ಕರಿಹಲಗೆ ಎರವಲು. ಎಷ್ಟು ಸಾವಿರ ಹೋಟೆಲು ಹುಡುಗರು ಹೀಗೆ ಎಸ್.ಎಸ್.ಸಿ. ದಾಟಿ ಬ್ಯಾಂಕಿಗೆ, ಕಚೇರಿಗೆ, ಸ್ವಂತ ವ್ಯಾಪಾರಕ್ಕೆ ಹೋದರು! ಮುಂಬಯಿ ಕನ್ನಡಿಗರು ಕಟ್ಟಿದ ಅತಿ ಬೆಲೆಯುಳ್ಳ ಸಂಸ್ಥೆ ಬಹುಶಃ ಅದೇ, ಮತ್ತು ಅದಕ್ಕೆ ಶಿಲಾನ್ಯಾಸ ಆಗಿರಲಿಲ್ಲ. ಇದನ್ನು ಹೇಳಿ ಮುಗಿಸಿದವರೇ ಹಿರಿಯರು ಮತ್ತೆ ಎ.ಸಿ.ಯ ವಿಷಯಕ್ಕೆ ಬಂದರು. ಮನುಷ್ಯನ ನೆನಪು ಒಂದು ಕಡೆ, ಯೋಜನೆ ಒಂದು ಕಡೆ.

ನಮ್ಮದು ಸಾಗರದ ಕಡೆ. ಬಿ.ಎಸ್ಸಿ. ಓದುವಾಗ ಹತ್ತಿರದ ಹೆಗ್ಗೋಡಿಗೆ ನಾಟಕ ನೋಡಲು ಹೋಗುತ್ತಿದ್ದೆವು. ಅಡಿಕೆ ತೋಟಗಳ ನಡುವಿನ ಸಣ್ಣ ಊರು. ಅಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ; ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ ಇಪ್ಪತ್ತಮೂರು ವರ್ಷ. ಅಷ್ಟು ಕಾಲ ಊರವರು ನಾಟಕ ಆಡಿದರು, ಓದಿದರು, ಜಗಳವಾಡಿದರು. ಅನಂತರ ಆಟಕ್ಕೆ ಮನೆ ಸಾಲದೆನಿಸಿ ಮನೆ ಕಟ್ಟಿದರು. ಕಟ್ಟಿದ ಮರುವರ್ಷವೇ, 1973ರಲ್ಲಿ, ಚಿತ್ರಸಮಾಜ ಶುರುವಾಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ನಮಗೆ ಮುಖ್ಯವೆನಿಸುವುದು ಪ್ರಶಸ್ತಿಯಲ್ಲ, ಆ ಇಪ್ಪತ್ತಮೂರು ವರ್ಷ. ಒಳಗೆ ಏನು ನಡೆಯಬೇಕೆಂಬುದು ಮೊದಲೇ ನಡೆಯುತ್ತಿತ್ತು. ಇಲ್ಲಿ ನಾವು ಮೊದಲು ಪಾತ್ರೆ ಕೊಂಡು, ಅಡಿಗೆ ಏನು ಮಾಡೋಣ ಎಂದು ಆಮೇಲೆ ಯೋಚಿಸುತ್ತೇವೆ. ಆದರೆ ಮಲಾಡು ಹೆಗ್ಗೋಡಲ್ಲ ಎಂಬ ಮಾತೂ ಸತ್ಯವೇ. ಅಲ್ಲಿ ಅಂಗಳವಿತ್ತು, ಅಡಿಕೆ ಚಪ್ಪರವಿತ್ತು. ನಾಟಕಕ್ಕೆ ಯಾರೂ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೇಳುತ್ತಿರಲಿಲ್ಲ. ಇಲ್ಲಿ ತಾಲೀಮಿಗೂ ಖೋಲಿ ಬೇಕು, ಖೋಲಿಗೂ ಠೇವಣಿ ಬೇಕು.

ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಉಪಸಮಿತಿಯವರು ಮಲಾಡ್ ಪೂರ್ವದಲ್ಲಿ ಒಂದು ಜಾಗ ನೋಡಲು ಹೋದೆವು. ದಾರಿಯಲ್ಲಿ ಕೂಲಿಯವರ ನಾಕಾ. ಗಾರೆಯವರು, ಕಲ್ಲು ಹೊರುವವರು, ಬಣ್ಣದವರು, ಸೊಂಟದಲ್ಲಿ ಮಗುವನ್ನಿಟ್ಟುಕೊಂಡ ಹೆಂಗಸರು. ನಾವು ನಿಂತದ್ದೇ ತಡ, ಗುತ್ತಿಗೆದಾರರೆಂದು ತಿಳಿದು ನಾಲ್ಕಾರು ಜನ ಸುತ್ತುವರಿದರು. ಮೊದಲು ಹಿಂದಿಯಲ್ಲಿ ಕೇಳಿದರು. ನಾವು ನಮ್ಮೊಳಗೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಒಬ್ಬನ ಮುಖ ಅರಳಿತು.

“ಕನ್ನಡದವ್ರೇನ್ರೀ ಸಾಹೇಬ್ರ? ಕೆಲಸ ಅದ ಏನ್ರೀ?”

ಕಲಬುರಗಿ ಕಡೆಯವರು. ಕೆಲಸ ಈಗಿಲ್ಲ, ಕನ್ನಡ ಭವನ ಕಟ್ಟುವ ವಿಚಾರವಿದೆ, ಜಾಗ ನೋಡಲು ಬಂದಿದ್ದೇವೆ ಎಂದೆವು.

“ಭವನ ಅಂದ್ರ? ಗುಡಿ ಏನ್ರೀ?”

ಅಲ್ಲ, ಸಭೆ, ನಾಟಕ, ಪುಸ್ತಕ ಎಂದೆಲ್ಲ ವಿವರಿಸಿದೆವು. ಅವನು ತಲೆಯಾಡಿಸಿದ. ಅವನ ಹಿಂದಿದ್ದ ಹೆಂಗಸು, ಅಷ್ಟು ಹೊತ್ತು ಸುಮ್ಮನಿದ್ದವಳು, ಕೇಳಿದಳು: “ಅಲ್ಲಿ ನೀರ ಸಿಗ್ತಾವೇನ್ರೀ?”

ನಮ್ಮಲ್ಲಿ ಯಾರಿಗೂ ತಟ್ಟನೆ ಉತ್ತರ ಹೊಳೆಯಲಿಲ್ಲ. ನಕ್ಷೆಯಲ್ಲಿ ನೀರಿನ ತೊಟ್ಟಿ ಇತ್ತು, ಅಗ್ನಿಶಾಮಕ ತೊಟ್ಟಿ ಇತ್ತು, ವಧುವಿನ ಕೋಣೆಗೆ ಬಿಸಿನೀರಿನ ವ್ಯವಸ್ಥೆಯಿತ್ತು. ರಸ್ತೆಯಿಂದ ಬಂದವರಿಗೆ ಕುಡಿಯುವ ನೀರು ಇರಲಿಲ್ಲ. ಆ ಭವನವನ್ನು ಕಟ್ಟುವುದು ಬಹಳಮಟ್ಟಿಗೆ ಇವರೇ. ಕಂಬದ ಕಬ್ಬಿಣ ಬಾಗಿಸುವುದು ಕನ್ನಡದ ಕೈ, ಗಾರೆ ಕಲಸುವಾಗ ಆಡುವುದು ಕನ್ನಡದ ಮಾತು. ಕಟ್ಟಿ ಮುಗಿದ ದಿನ ರಾಜ್ಯೋತ್ಸವದ ಬಾವುಟ ಏರಿಸಿ, ಹೊರನಾಡ ಕನ್ನಡಿಗರ ಕಷ್ಟಸುಖದ ಬಗ್ಗೆ ಭಾಷಣ ಮಾಡುವಾಗ ಇವರು ಗೇಟಿನ ಆಚೆ ಇರುತ್ತಾರೆ. ಸದಸ್ಯತ್ವದ ಅರ್ಜಿಯಲ್ಲಿ ಯಾರನ್ನೂ ಬೇಡವೆಂದು ನಾವು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ, ಮೆರುಗಿನ ನೆಲ, ಗಾಜಿನ ಬಾಗಿಲು, ಕಾವಲುಗಾರನ ನೋಟ ಇವೇ ಅದನ್ನು ಹೇಳುತ್ತವೆ.

ಆ ಹೆಂಗಸಿನ ಮಗುವಿಗೆ ಐದಾರು ವರ್ಷವಿರಬಹುದು. ಹೆಸರೇನು ಎಂದು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಟ್ಟಿತು. ನಮ್ಮ ಮನೆಯಲ್ಲೂ ಅದೇ ಕತೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬೇರೆ ಭಾಷೆಯಲ್ಲಿ ಬರುತ್ತದೆ. ಅವಳು ದುಬಾರಿ ಶುಲ್ಕದ ಇಂಗ್ಲಿಷ್ ಶಾಲೆಯಲ್ಲಿ ಕಳೆದುಕೊಂಡದ್ದನ್ನೇ ಆ ಮಗು ಬೀದಿಯಲ್ಲಿ ಪುಕ್ಕಟೆಯಾಗಿ ಕಳೆದುಕೊಳ್ಳುತ್ತಿದೆ. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ 1939ರಿಂದ ದುಡಿದದ್ದೂ, ಮುಂಬಯಿ ಪಾಲಿಕೆ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಶಾಲೆ ನಡೆಸಿದ್ದೂ ಸಣ್ಣ ಸಂಗತಿಯಲ್ಲ. ಆದರೆ ಶಾಲೆಗೆ ಮಕ್ಕಳನ್ನು ಕಳಿಸಬೇಕಾದವರು ನಾವು, ನಾವು ಕಳಿಸಲಿಲ್ಲ.

ಹೀಗಿರುವಾಗ ನಮ್ಮ ಮನವಿ ಪತ್ರದಲ್ಲಿ ‘ಮುಂದಿನ ಪೀಳಿಗೆಗಾಗಿ’ ಎಂಬ ಮಾತು ಬರುವುದು ಸರಿಯೇ? ಕರಡಿನಲ್ಲಿ ಅದನ್ನು ಬರೆದವರು ನಾವೇ. ಬರೆದ ಮೇಲೆ ನಾಚಿಕೆಯಾಯಿತು. ಮುಂದಿನ ಪೀಳಿಗೆ ನಮ್ಮನ್ನು ಭವನ ಕೇಳಿಲ್ಲ. ಕೇಳುತ್ತಿರುವವರು ನಾವು, ನಮ್ಮ ಊರಿನ ನೆನಪು ಹೊತ್ತ ನಲವತ್ತು ಐವತ್ತರ ಜನ. ನಮಗೆ ಚೆಂಡೆಯ ಸದ್ದು ಕೇಳಬೇಕು, ಹರಿಕತೆ ಕೇಳಬೇಕು, ಊರಿನ ಉಪ್ಪಿನಕಾಯಿ ಬಡಿಸುವ ಪಂಕ್ತಿಯಲ್ಲಿ ಕೂರಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಹಂಬಲಕ್ಕೆ ಮಕ್ಕಳ ಹೆಸರಿನಲ್ಲಿ ಚಂದಾ ಎತ್ತುವುದು ಒಪ್ಪುವ ಮಾತಲ್ಲ. ಮಕ್ಕಳಿಗಾಗಿ ಎನ್ನುವುದಾದರೆ ಭಾನುವಾರಗಳಲ್ಲಿ ಅರ್ಧವಾದರೂ ಅವರಿಗೆ ಬರೆದುಕೊಡಬೇಕು, ನಷ್ಟವಾದರೂ ಸರಿ. ಕೊಡಲಾಗದಿದ್ದರೆ ‘ನಮಗಾಗಿ’ ಎಂದು ಪ್ರಾಮಾಣಿಕವಾಗಿ ಬರೆಯೋಣ. ದಾನಿಗಳು ಅಷ್ಟಕ್ಕೆ ಕೈ ಹಿಂದೆ ತೆಗೆಯುವವರಲ್ಲ.

ಬೀಗದ ಕೈಯ ವಿಷಯಕ್ಕೆ ಈಗ ಬರುತ್ತೇವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆಗ ನಾವು ಮುಂಬಯಿಗೆ ಬಂದು ಎರಡೇ ವರ್ಷ; ನಾಲ್ವರು ಬ್ರಹ್ಮಚಾರಿಗಳು ಮಲಾಡಿನಲ್ಲಿ ಒಂದು ಖೋಲಿ ಹಿಡಿದಿದ್ದೆವು. ಕಚೇರಿಯಿಂದ ಹೊರಟವರಿಗೆ ರೈಲು ಅರ್ಧ ದಾರಿಯಲ್ಲಿ ನಿಂತಿತು. ಸೊಂಟದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ನಡೆದೆವು. ಕತ್ತಲಾದ ಮೇಲೆ ಒಂದು ದೊಡ್ಡ ಸಭಾಗೃಹದ ಮುಂದೆ ಬಂದೆವು. ಎತ್ತರದ ಕಟ್ಟಡ, ಒಳಗೆ ನೂರಾರು ಕುರ್ಚಿ. ಕಾವಲುಗಾರ ಒಳ್ಳೆಯವನೇ, ಆದರೆ ಬೀಗದ ಕೈ ಕಾರ್ಯದರ್ಶಿಯವರ ಹತ್ತಿರ, ಕಾರ್ಯದರ್ಶಿಯವರು ಮನೆಯಲ್ಲಿ, ಫೋನು ಸತ್ತಿತ್ತು. ಮುಂದಿನ ಗಲ್ಲಿಯಲ್ಲಿ ಒಂದು ಹಳೆಯ ಶಾಲೆಯ ಬಾಗಿಲು ತೆರೆದಿತ್ತು. ಯಾರು ತೆರೆದರೋ ಗೊತ್ತಿಲ್ಲ. ಮೊದಲ ಮಹಡಿಯ ಬೆಂಚುಗಳ ಮೇಲೆ ಆ ರಾತ್ರಿ ಕಳೆದೆವು. ಅಕ್ಕಪಕ್ಕದ ಚಾಳಿನವರು ಚಹಾ, ಬಿಸ್ಕತ್ತು ತಂದುಕೊಟ್ಟರು. ನೀವು ಯಾವ ಭಾಷೆಯವರು ಎಂದು ಯಾರೂ ಕೇಳಲಿಲ್ಲ.

ಮರುದಿನ ಮಲಾಡಿಗೆ ಬಂದು ನೋಡಿದರೆ ನಮ್ಮ ಬಳಗದ ಪುಸ್ತಕ ಭಂಡಾರ ಮುಗಿದಿತ್ತು. ತಳಮಹಡಿಯ ಕೋಣೆಯಲ್ಲಿ ಎರಡು ಉಕ್ಕಿನ ಕಪಾಟು. ನೀರು ಕುಡಿದ ಪುಸ್ತಕಗಳು ಉಬ್ಬಿ ಒಂದಕ್ಕೊಂದು ಬಿಗಿದುಕೊಂಡು, ಎಳೆದರೂ ಹೊರಗೆ ಬರಲಿಲ್ಲ. ಕೊನೆಗೆ ಗೋಣಿಚೀಲದಲ್ಲಿ ತುಂಬಿ ಒಯ್ದರೆ ರದ್ದಿಯವನು ಒದ್ದೆ ಕಾಗದ ತೂಗುವುದಿಲ್ಲ ಎಂದ. ಉಳಿದದ್ದು ಹನ್ನೊಂದು ಪುಸ್ತಕ. ಅವು ಉಳಿದದ್ದು ಹೇಗೆಂದರೆ, ಓದುಗರು ಮನೆಗೆ ಒಯ್ದು ತಿಂಗಳುಗಟ್ಟಲೆ ಹಿಂದಿರುಗಿಸಿರಲಿಲ್ಲ. ಅವರಿಗೆಲ್ಲ ದಂಡದ ಚೀಟಿ ಕಳಿಸಿದವರು ಇದೇ ನಾವು.

2019ರ ಜುಲೈ 2ರಂದು ನಡುರಾತ್ರಿ ಕಳೆದ ಮೇಲೆ ಇಲ್ಲಿಯೇ ಕುರಾರಿನ ಪಿಂಪ್ರಿಪಾಡಾದಲ್ಲಿ ಜಲಾಶಯದ ಆವರಣಗೋಡೆ ಗುಡಿಸಲುಗಳ ಮೇಲೆ ಕುಸಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬದುಕಿದವರು ಮಳೆಯಲ್ಲಿ ನಿಂತಿದ್ದರು. ನಮ್ಮ ಭವನ ಅಂದು ಇದ್ದಿದ್ದರೆ ಬೀಗದ ಕೈ ಯಾರ ಬಳಿ ಇರುತ್ತಿತ್ತು? ಮರುದಿನ ಮದುವೆಗೆ ಹಾಲ್ ಅಲಂಕಾರವಾಗಿದ್ದರೆ ತೆರೆಯುತ್ತಿದ್ದೆವೇ? ಉಪಸಮಿತಿಯಲ್ಲಿ ನಾವು ಇದನ್ನು ಕೇಳಿದಾಗ ಒಬ್ಬರು, “ಅದು ಸರಕಾರದ ಕೆಲಸ” ಎಂದರು. ಸರಕಾರದ ಗುಮಾಸ್ತರಾದ ನಮಗೆ ಸರಕಾರದ ಕೆಲಸ ಎಷ್ಟು ಹೊತ್ತಿಗೆ ಬರುತ್ತದೆಂದು ಗೊತ್ತು.

ಆದ್ದರಿಂದ ಟಿಪ್ಪಣಿಯನ್ನು ಹೊಸದಾಗಿ ಬರೆದಿದ್ದೇವೆ. ರಸ್ತೆಗೆ ಮುಖಮಾಡಿ ಒಂದು ಜಗಲಿ ಇರಲಿ ಎಂದಿದ್ದೇವೆ. ಕರಾವಳಿಯವರು ಜಗಲಿ ಎನ್ನಿ, ಉತ್ತರದವರು ಕಟ್ಟೆ ಎನ್ನಿ. ಅಪ್ಪಣೆ ಕೇಳದೆ ಕೂರಬಹುದಾದ ಸ್ಥಳ ನಮ್ಮ ಎಲ್ಲ ಸೀಮೆಯ ಮನೆಗಳಲ್ಲೂ ಇತ್ತು. ಗಾಜಿನ ಬಾಗಿಲು ಅದರ ಒಳಗೆ ಬೇಕಾದರೆ ಬರಲಿ. ಜಗಲಿಯಲ್ಲಿ ಒಂದು ನಲ್ಲಿ, ಪಕ್ಕದಲ್ಲಿ ಶೌಚಾಲಯ, ಎರಡು ಉದ್ದನೆಯ ಬೆಂಚು, ದಿನಪತ್ರಿಕೆ. ಪುಸ್ತಕಗಳು ಮೇಲಿನ ಮಹಡಿಗೆ. ಸಭಾಂಗಣದ ನೆಲ ಸಮತಟ್ಟಾಗಿರಲಿ, ಕುರ್ಚಿಗಳನ್ನು ನೆಲಕ್ಕೆ ಬಿಗಿಯುವುದು ಬೇಡ. ಹಾಗಿದ್ದರೆ ಬೆಳಿಗ್ಗೆ ಪಾಠ, ಸಂಜೆ ತಾಳಮದ್ದಳೆ, ಮಳೆಯ ರಾತ್ರಿ ಚಾಪೆ ಎಲ್ಲಕ್ಕೂ ಒದಗುತ್ತದೆ. ಕಿಟಕಿಗಳು ಪಶ್ಚಿಮದ ಗಾಳಿಗೆ ತೆರೆಯಲಿ. ಮಾರ್ವೆಯ ಕಡಲು ನಮಗೆ ಅಷ್ಟೇನೂ ದೂರವಿಲ್ಲ.

ಬಿ.ಎಸ್ಸಿ. ಓದಿದ್ದು ಪೂರ್ತಿ ವ್ಯರ್ಥವಾಗಬಾರದೆಂದು ಸ್ವಲ್ಪ ಲೆಕ್ಕವನ್ನೂ ಹಾಕಿದೆವು. ತಾರಸಿ 300 ಚದರ ಮೀಟರ್ ಇದ್ದರೆ, ಮುಂಬಯಿಯ ಮಳೆ ವರ್ಷಕ್ಕೆ 2 ಮೀಟರ್ ಎಂದು ಕಡಿಮೆ ಹಿಡಿದರೂ 6 ಲಕ್ಷ ಲೀಟರ್ ನೀರು ಬೀಳುತ್ತದೆ. ಐದರಲ್ಲಿ ಒಂದು ಪಾಲು ಪೋಲಾದರೂ 4.8 ಲಕ್ಷ. ನಾಲ್ಕೇ ತಿಂಗಳಲ್ಲಿ ಬರುವುದರಿಂದ ಎಲ್ಲವನ್ನೂ ತುಂಬಿಡಲಾಗದು. ಒಂದಷ್ಟು ತೊಟ್ಟಿಗೆ, ಉಳಿದದ್ದು ಇಂಗುಗುಂಡಿಗೆ. ಶೌಚಾಲಯಕ್ಕೆ, ನೆಲ ತೊಳೆಯಲು ಅದು ಸಾಕು. ಪಾಲಿಕೆಯ ನೀರು ಜಗಲಿಯ ನಲ್ಲಿಗೆ ಉಳಿಯುತ್ತದೆ. ಬಿಸಿಲಿನ ವಿದ್ಯುತ್ತು 10 ಕಿಲೋವ್ಯಾಟಿಗೆ ಸುಮಾರು 100 ಚದರ ಮೀಟರ್ ತಾರಸಿ ಕೇಳುತ್ತದೆ, ದಿನಕ್ಕೆ ಸರಾಸರಿ 40 ಯೂನಿಟ್ ಕೊಡುತ್ತದೆ. ದೀಪ, ಫ್ಯಾನು, ಪಂಪಿಗೆ ಧಾರಾಳ. ಅದೇ 40 ಯೂನಿಟನ್ನು ಮುನ್ನೂರು ಜನರ ಎ.ಸಿ. ಹಾಲ್ ಎರಡು ಗಂಟೆಯೊಳಗೆ ನುಂಗುತ್ತದೆ. ಈ ಲೆಕ್ಕ ಕೇಳಿ ನಮ್ಮ ಹಿರಿಯರು ಸ್ವಲ್ಪ ಮೌನವಾದರು. ಹೋಟೆಲು ನಡೆಸಿದವರಿಗೆ ವಿದ್ಯುತ್ ಬಿಲ್ಲಿನ ಭಾಷೆ ಬೇಗ ಅರ್ಥವಾಗುತ್ತದೆ.

ಮದುವೆಗಳನ್ನು ಬೇಡವೆಂದಿಲ್ಲ. ವರ್ಷಕ್ಕೆ ಇಪ್ಪತ್ತಾರು ಭಾನುವಾರ ಮದುವೆಗೆ, ಇಪ್ಪತ್ತಾರು ಮಕ್ಕಳಿಗೆ ಮತ್ತು ಕಾರ್ಯಕ್ರಮಗಳಿಗೆ ಎಂದು ನಿಯಮಾವಳಿಯಲ್ಲಿಯೇ ಸೇರಿಸಬೇಕು. ಮುಂದೆ ಬರುವ ಸಮಿತಿ ಸಲೀಸಾಗಿ ಬದಲಿಸದಂತೆ. ವಾರದ ರಾತ್ರಿಗಳಲ್ಲಿ ನಾಕಾದವರ ಮಕ್ಕಳಿಗೆ ಎರಡು ಗಂಟೆ ಪಾಠ, ನಮ್ಮ ಮಕ್ಕಳೂ ಅದೇ ಚಾಪೆಯ ಮೇಲೆ. ಬೀಗದ ಕೈ ಮೂರು: ಒಂದು ಕಾರ್ಯದರ್ಶಿಗೆ, ಒಂದು ಕಾವಲುಗಾರನಿಗೆ, ಒಂದು ಭವನದ ಅತ್ಯಂತ ಹತ್ತಿರ ವಾಸಿಸುವವರಿಗೆ, ಅವರು ಸದಸ್ಯರಾಗಿರಲಿ ಆಗದಿರಲಿ. ಈ ಕೊನೆಯ ಮಾತಿಗೆ ಉಪಸಮಿತಿಯಲ್ಲಿ ಇಬ್ಬರ ವಿರೋಧ ದಾಖಲಾಗಿದೆ. ಕಳವಿನ ಭಯ ಅವರದು. ಸುಳ್ಳು ಭಯವಲ್ಲ, ಆದರೆ ಚಾಪೆ, ಬೆಂಚು, ಹಳೆಯ ಪುಸ್ತಕ ಕದಿಯುವವರು ಯಾರೆಂಬುದು ನಮಗಿನ್ನೂ ತಿಳಿದಿಲ್ಲ. ಪುಸ್ತಕ ಕದ್ದವರಿಗಂತೂ ನಾವು ಋಣಿಗಳು.

ಎರಡನೆಯ ಕಲಮು ಇನ್ನೂ ತುಂಬಿಲ್ಲ. ಅರ್ಧ ಭಾನುವಾರ ಬಿಟ್ಟರೆ ಆದಾಯವೂ ಅರ್ಧವಾಗುತ್ತದೆ. ಗುಡಿಸುವವಳ ಸಂಬಳಕ್ಕೆ, ಪಾಠ ಹೇಳುವವರ ಗೌರವಧನಕ್ಕೆ ಪ್ರತಿ ಮನೆಯಿಂದ ತಿಂಗಳಿಗಿಷ್ಟು ಎಂದು ಹೊಂದಿಸಬೇಕು. ಕಲ್ಲಿನ ಮೇಲೆ ಹೆಸರು ಬರುವುದಿಲ್ಲ ಎಂದು ಮೊದಲೇ ತಿಳಿಸಿ ಮೂವತ್ತು ಮನೆಗಳನ್ನು ಕೇಳಿದೆವು. ಹದಿನಾಲ್ಕು ಮನೆಯವರು ಹೂಂ ಎಂದಿದ್ದಾರೆ, ಒಂಬತ್ತು ಮನೆಯವರು ನೋಡೋಣ ಎಂದಿದ್ದಾರೆ, ಉಳಿದವರು ಚಹಾ ಕೊಟ್ಟರು. ಹಿರಿಯರು ತಮ್ಮ ಎ.ಸಿ.ಯನ್ನು ಪೂರ್ತಿ ಬಿಟ್ಟಿಲ್ಲ. ಜಗಲಿಯ ನಲ್ಲಿಗೆ ಮಾತ್ರ ಒಪ್ಪಿದ್ದಾರೆ, ಅದೂ ನೀರು ಬರಿದೆ ಸುರಿಯದಂಥ ನಲ್ಲಿ ಹಾಕಿಸುವ ಷರತ್ತಿನ ಮೇಲೆ.

ಮಹಾಸಭೆ ಮುಂದಿನ ತಿಂಗಳ ಮೊದಲ ಭಾನುವಾರ. ಅಂದು ಪಶ್ಚಿಮ ರೈಲ್ವೆಯ ಮೆಗಾ ಬ್ಲಾಕ್ ಇದ್ದೀತು. ದೂರದಿಂದ ಬರುವವರು ಸ್ವಲ್ಪ ಬೇಗ ಹೊರಡಬೇಕಾಗಿ ಪ್ರಾರ್ಥನೆ. ಕುರಾರಿನ ಬದಿಯವರಿಗೆ ಈಗ ಮೆಟ್ರೋ ಕೂಡ ಇದೆ.